ಮೀಸಲು ಕಂಬಳಿ

ಕಾರ್ಮಿಕ ಸಂಘದ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಆಗಾಗ ಮನೆಗೆ ಬಂದು "ನಿಮ್ಮ ಅನುಭವ ಹೇಳಿ ಮೇಡಂ" ಎಂದು ಕೂರುತ್ತಾರೆ. ಕಾಫಿ ಕುಡಿದು, ಫೋಟೋ ತೆಗೆದುಕೊಂಡು ಹೋಗುತ್ತಾರೆ. ಹೇಳಿದ್ದು ತಲೆಗೆ ಹೋಯಿತೋ ಇಲ್ಲವೋ ದೇವರೇ ಬಲ್ಲ. ಅದಕ್ಕೇ ಬರೆದುಬಿಡುತ್ತೇನೆ.

ಈ ಕೆಲಸಕ್ಕೆ ಮೊದಲು ಬೇಕಾದದ್ದು ಸಿದ್ಧಾಂತವಲ್ಲ, ತಡೆದುಕೊಳ್ಳುವ ಶಕ್ತಿ. ಹೊಸದುರ್ಗದಿಂದ ಹೊಳಲ್ಕೆರೆಗೆ, ಅಲ್ಲಿಂದ ಚಿತ್ರದುರ್ಗಕ್ಕೆ, ಮತ್ತೆ ಹಿರಿಯೂರಿಗೆ ಬಸ್ಸಿನಲ್ಲಿ ಕುಲುಕಾಡಿಕೊಂಡು ಹೋಗುವ ಹೆಂಗಸಿಗೆ ಆ ಕಾಲದ ಯಾವ ಬಸ್ ಸ್ಟ್ಯಾಂಡಿನಲ್ಲೂ ಒಂದು ಮರೆ ಇರಲಿಲ್ಲ. ಬೆಳಗಿನಿಂದ ನೀರು ಕುಡಿಯದೆ ಭಾಷಣ ಮಾಡಿ ಮಾಡಿ ನನ್ನ ಮೂತ್ರಪಿಂಡ ಕೆಟ್ಟಿತು. ಸನ್ಮಾನ ಪತ್ರಗಳಲ್ಲಿ ಇದನ್ನೆಲ್ಲ ಬರೆಯುವುದಿಲ್ಲ, ಆದ್ದರಿಂದ ಇಲ್ಲಿ ಬರೆದೆ. ಎರಡನೆಯದು ಬಾಯಿ. ಅದು ನನಗೆ ಹುಟ್ಟಿನಿಂದಲೇ ಬಂದಿತ್ತು. ಚಿತ್ರದುರ್ಗದ ಹತ್ತಿ ಜಿನ್ನಿನಲ್ಲಿ ಕೂಲಿ ಮಾಡುತ್ತಿದ್ದ ನಮ್ಮವ್ವ "ಈ ಬಾಯಿಬಡುಕಿನ ಯಾವನು ಕಟ್ಕಂತಾನೋ" ಎಂದು ಹಣೆ ಚಚ್ಚಿಕೊಳ್ಳುತ್ತಿದ್ದಳು. ಯಾವನೂ ಕಟ್ಟಿಕೊಳ್ಳಲಿಲ್ಲ. ನಾನೂ ಕಾಯಲಿಲ್ಲ.

ಹೊಸದುರ್ಗದಲ್ಲಿ ಹಿಟ್ಟಿನ ಗಿರಣಿಯ ಮೇಲಿನ ಕೋಣೆಯೇ ನಮ್ಮ ಕಂಬಳಿ ಕೆಲಸಗಾರರ ಸಂಘದ ಕಚೇರಿ. ಕೆಳಗೆ ಗಿರಣಿ ಓಡಿದರೆ ಮೇಲೆ ಮೇಜು ನಡುಗುತ್ತಿತ್ತು. ಗಂಡಸರು ಗುಂಡಿಮಗ್ಗದಲ್ಲಿ ಕಾಲಿಳಿಬಿಟ್ಟು ಕಂಬಳಿ ನೇಯುವವರು, ಹೆಂಗಸರು ಕುರಿಯ ತುಪ್ಪಟ ಹಿಂಜಿ ನೂಲುವವರು. ನೇಯ್ದವನಿಗೆ ಕೂಲಿ ಎಂದು ಏನೋ ಸಿಗುತ್ತಿತ್ತು, ನೂತವಳಿಗೆ ಕೆಮ್ಮು ಸಿಗುತ್ತಿತ್ತು. ಆ ಹೆಂಗಸರನ್ನು ಸಂಘಕ್ಕೆ ಸೇರಿಸುವುದು ನನ್ನ ಕೆಲಸ. ಆಮೇಲೆ ನಾನು ಯಾವ ಸಮಿತಿಗೆ ಹೋದೆ, ಏನೇನಾದೆ ಎಂಬ ಪುರಾಣ ಯಾರಿಗೂ ಬೇಕಿಲ್ಲ.

ಮೊದಲ ಪೆಟ್ಟು ತಿಂದದ್ದು ಹೊರಕೆರೆದೇವಪುರದಲ್ಲಿ. ವಿಯೆಟ್ನಾಂ ಯುದ್ಧ ನಡೆಯುತ್ತಿದ್ದ ಕಾಲ. ನಮ್ಮ ಅಧ್ಯಕ್ಷರು ಬೆಂಗಳೂರಿನ ವಕೀಲರು, ಬಿಳಿ ಪ್ಯಾಂಟಿನ ಸಭ್ಯ ಮನುಷ್ಯ. ಊರೂರಲ್ಲೂ ವಿಯೆಟ್ನಾಮಿನ ಜನರಿಗೆ ಬೆಂಬಲದ ಸಭೆ ಮಾಡಿ ಎಂದು ಸುತ್ತೋಲೆ ಕಳಿಸಿದ್ದರು. ನಾನು ಅದನ್ನು ಬಾಯಿಪಾಠ ಮಾಡಿಕೊಂಡು ಹೋಗಿ, ಅರಳಿಕಟ್ಟೆಯ ಮೇಲೆ ಕೂತ ಕುರಿಗಾರರ ಮುಂದೆ ಸಾಮ್ರಾಜ್ಯಶಾಹಿ, ಕಪಿಮುಷ್ಟಿ, ವಿಮೋಚನೆ ಎಂದೆಲ್ಲ ಒದರಿದೆ. ಒಬ್ಬ ಮುದುಕ ಕೋಲು ಊರಿಕೊಂಡು ಎದ್ದು ನಿಂತ.

"ಅದೆಲ್ಲ ಇರ್ಲವ್ವ. ಆ ಸೀಮೆಯಾಗೆ ಕುರಿ ಅವೆಯೇನು?"

"ಗೊತ್ತಿಲ್ಲ ತಾತ."

"ಮಳೆಬೆಳೆ ಹೆಂಗೆ?"

"ಗೊತ್ತಿಲ್ಲ."

"ಏನು ಉಣ್ತಾರೆ?"

ನಾನು ಸುತ್ತೋಲೆ ತೆಗೆದು ಹುಡುಕಿದೆ. ಮುದುಕ ಕೂತುಕೊಂಡ. "ಗುರ್ತಿಲ್ಲದೋರ ಮನೆ ಸಾವಿಗೆ ಅಳು ಅಂದ್ರೆ ಹೆಂಗ್ ಅಳಾಣವ್ವಾ? ಏನ್ ಉಣ್ತಿದ್ರು, ಏನ್ ಉಡ್ತಿದ್ರು ಅನ್ನಾದಾದ್ರೂ ಗೊತ್ತಿರ್ಬೇಕಲ್ಲ" ಎಂದ. ಸಭೆಯೆಲ್ಲ ನಕ್ಕಿತು. ನನ್ನ ಜೊತೆ ಬಂದಿದ್ದ ಮೈಲಾರಪ್ಪನೂ ನಕ್ಕ. ಅವನು ಹೊಸದುರ್ಗದ ನೇಕಾರ, ಸಂಘದ ಕಾರ್ಯದರ್ಶಿ, ಕುಳ್ಳಗೆ ಬಿಗಿಯಾಗಿದ್ದ ಆಳು. ಜೋರಾಗಿ ನಕ್ಕರೆ ಎದೆಯೊಳಗೆ ಸುಯ್ ಎಂದು ಸದ್ದು ಬರುತ್ತಿತ್ತು. ತುಪ್ಪಟದ ಧೂಳು ಅವನ ಶ್ವಾಸಕೋಶವನ್ನು ಆಗಲೇ ಹಿಡಿದಿತ್ತು. ವಾಪಸು ಬರುವಾಗ ಬಸ್ಸಿನಲ್ಲಿ ಹೇಳಿದ: "ಬ್ಯಾಸರ ಮಾಡ್ಕಬ್ಯಾಡ ಸರೋಜಕ್ಕ. ಮುಂದಿನ ಸಲ ಕುರಿ ಅವೆಯೋ ಇಲ್ವೋ ಕೇಳ್ಕಂಡೇ ಹೋಗಾಣ."

ಈಗಿನವರು ನೀವು ಮೊಬೈಲಿನಲ್ಲಿ ಬೆರಳಾಡಿಸಿ ಎಲ್ಲ ದೇಶಗಳ ದುಃಖವನ್ನೂ ಒಂದೇ ಬೆಳಿಗ್ಗೆ ಹಂಚಿಬಿಡುತ್ತೀರಿ. ನಾವು ಸೈಕ್ಲೋಸ್ಟೈಲ್ ಯಂತ್ರಕ್ಕೆ ಮಸಿ ಬಳಿದು, ಸೀರೆಗೂ ಬಳಿದುಕೊಂಡು, ಒಂದೊಂದು ಹಾಳೆ ತೆಗೆಯುತ್ತಿದ್ದೆವು. ನಿಮ್ಮದು ತಪ್ಪು ಎನ್ನುತ್ತಿಲ್ಲ. ಆ ಮುದುಕನ ಪ್ರಶ್ನೆಗೆ ನಿಮ್ಮ ಮೊಬೈಲಿನಲ್ಲಿ ಉತ್ತರ ಇದೆಯೇ ನೋಡಿಕೊಳ್ಳಿ, ಅಷ್ಟೇ.

ಅದಾದ ಮೇಲೆ ಚಿಲಿ ದೇಶದ ಸುದ್ದಿ ಬಂತು. ಜನ ಆರಿಸಿದ ಸರ್ಕಾರವನ್ನು ಸೈನ್ಯ ಉರುಳಿಸಿತ್ತು. ಸಂಘದವರನ್ನು ಹಿಡಿದು ಆಟದ ಮೈದಾನದಲ್ಲಿ ಕೂಡಿಹಾಕಿದ್ದರು, ಕೆಲವರನ್ನು ದಕ್ಷಿಣದ ತುದಿಯ ದ್ವೀಪಕ್ಕೆ ಸಾಗಿಸಿದ್ದರು. ಈ ಸಲ ನಾನು ಚಿತ್ರದುರ್ಗದ ಲೈಬ್ರರಿಯಲ್ಲಿ ಕೂತು ಭೂಗೋಳದ ಪುಸ್ತಕ ಓದಿಕೊಂಡೇ ಹೋದೆ. ನೂಲುವ ಹೆಂಗಸರ ಸಭೆಯಲ್ಲಿ ಎದೆಯುಬ್ಬಿಸಿ ಹೇಳಿದೆ: "ಆ ದೇಶದ ತುದಿಯಲ್ಲಿ ಕುರಿಗಳಿವೆ. ನಮ್ಮ ಹಾಗೇ ಕುರಿ ಕಾಯುವವರಿದ್ದಾರೆ. ಅಲ್ಲಿ ಬೀಸುವ ಚಳಿಗಾಳಿಗೆ ಮೂಳೆ ಮರಗಟ್ಟುತ್ತದೆ. ಜೈಲಿನಲ್ಲಿರುವವರಿಗೆ ಹೊದೆಯಲು ಸರಿಯಾಗಿ ಏನೂ ಇಲ್ಲ."

ಮುಂದೆ ಕೂತಿದ್ದ ಮೈಲಾರಪ್ಪನ ಹೆಂಡತಿ ಕರಿಯಮ್ಮ ಕೇಳಿದಳು: "ಕುರಿ ಇರೋ ಸೀಮೆಯಾಗೆ ಕಂಬಳಿ ಇಲ್ವಾ?"

"ಇದ್ದರೂ ಜೈಲಿನವರಿಗೆ ಕೊಡೋದಿಲ್ಲ."

"ಥೂ, ಅವರ ಬಾಯಿಗೆ ಮಣ್ಣು ಹಾಕ" ಎಂದಳು ಕರಿಯಮ್ಮ. ಅಲ್ಲೇ ತೀರ್ಮಾನವಾಯಿತು. ಮಗ್ಗಕ್ಕೊಂದು ಕಂಬಳಿ, ನೂಲು ಹೆಂಗಸರದ್ದು, ಕೂಲಿ ಯಾರೂ ಕೇಳುವಂತಿಲ್ಲ. ನಾನು ಸುಮ್ಮನೆ ಒಂದು ಠರಾವು ಮಾಡಿ ಮುಗಿಸೋಣ ಎಂದಿದ್ದೆ. ಅವರು ಬಿಡಲಿಲ್ಲ. ಕಂಬಳಿಗಳೆಲ್ಲ ಮಗ್ಗದಿಂದ ಇಳಿದ ದಿನ ಒಂದನ್ನು ಹಾಸಿ ಗದ್ದಿಗೆ ಮಾಡಿ, ಮೇಲೆ ಕಳಸ ಇಟ್ಟು, ಭಂಡಾರ ಹಚ್ಚಿದರು. ಭಂಡಾರವೆಂದರೆ ದೇವರ ಅರಿಶಿನದ ಪುಡಿ. ಪ್ರತಿ ಕಂಬಳಿಯ ಮೂಲೆಯಲ್ಲೂ ಒಂದು ಚಿಟಿಕೆ ಭಂಡಾರ ಗಂಟು ಹಾಕಿ "ಇವು ಆ ಸೀಮೆಯೋರಿಗೆ ಮೀಸಲು" ಎಂದು ಎಲ್ಲರೂ ಕೈಮುಗಿದರು.

ಮೀಸಲು ಎಂದರೆ ಏನೆಂದು ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಈದ ಎಮ್ಮೆಯ ಮೊದಲ ಬೆಣ್ಣೆಯನ್ನು ದೇವರಿಗೆಂದು ಎತ್ತಿಟ್ಟರೆ, ಮನೆಯ ಕೂಸು ಹೊರಳಾಡಿ ಅತ್ತರೂ ಅದರಲ್ಲಿ ಬೆರಳು ಅದ್ದುವುದಿಲ್ಲ. ಯಾರಿಗೆ ಇಟ್ಟದ್ದೋ ಅವರಿಗೆ ಮುಟ್ಟುವ ತನಕ ಅದು ಮನೆಯದಲ್ಲ. ನಾನು ಪಟ್ಟಣದವಳು, ನಾಸ್ತಿಕಳೆಂಬ ಕೊಬ್ಬು ಬೇರೆ. ಇದೊಂದು ಚೆಂದದ ಪದ್ಧತಿ ಎಂದುಕೊಂಡೆ. ಮುಂದೆ ಅದು ನನ್ನ ಕುತ್ತಿಗೆಗೇ ಬರುತ್ತದೆಂದು ತಿಳಿದಿರಲಿಲ್ಲ.

ಕಂಬಳಿಗಳು ನಮ್ಮ ಕೋಣೆಯಲ್ಲಿ ಸೂರಿನವರೆಗೆ ಪೇರಿಕೊಂಡವು. ಅಧ್ಯಕ್ಷರು ಹಡಗು, ಪರವಾನಗಿ ಎಂದು ತಿಂಗಳುಗಟ್ಟಲೆ ಓಡಾಡಿದರು. ಅಷ್ಟರಲ್ಲಿ ನಮ್ಮಲ್ಲೇ ತುರ್ತು ಪರಿಸ್ಥಿತಿ ಬಂತು. ಸಭೆ ಇಲ್ಲ, ಮೆರವಣಿಗೆ ಇಲ್ಲ, ಪತ್ರಿಕೆಯಲ್ಲಿ ಸುದ್ದಿ ಇಲ್ಲ. ಅಧ್ಯಕ್ಷರಿಂದ ಹೊಸ ಸುತ್ತೋಲೆ ಬಂತು. ಹೊರದೇಶದ ಸರ್ವಾಧಿಕಾರವನ್ನು ಖಂಡಿಸುವುದು ಮುಂದುವರಿಯಲಿ, ಆದರೆ ಇಲ್ಲಿಯ ಪರಿಸ್ಥಿತಿ ಬೇರೆ, ಸರ್ಕಾರ ಪ್ರತಿಗಾಮಿಗಳನ್ನು ಮಾತ್ರ ಹತ್ತಿಕ್ಕುತ್ತಿದೆ, ನಮ್ಮವರು ಸಂಯಮದಿಂದಿರಬೇಕು. ಓದಿ ಮುಗಿಸಿದ ಮೇಲೆ ಮೈಲಾರಪ್ಪ ಕೇಳಿದ: "ಅಲ್ಲಕ್ಕಾ, ಬ್ಯಾರೆಯೋರ ಮನೆಗೆ ಬೆಂಕಿ ಬಿದ್ರೆ ಕೂಗ್ಬೇಕು, ನಮ್ಮನೆಗೆ ಬಿದ್ರೆ ಸಂಯಮವಾ?"

ಆ ವಾರದ ಸಂತೆಯಲ್ಲಿ ಅವನು ಸುಮ್ಮನಿರಲಿಲ್ಲ. ತುಪ್ಪಟ ಮಾರುವವರ ಸಾಲಿನಲ್ಲಿ ಒಂದು ಮೂಟೆಯ ಮೇಲೆ ಹತ್ತಿ ನಿಂತ. "ಆ ಚಿಲಿ ಸೀಮೆಯಾಗೆ ದಂಡು ಬಂದು ಸಂಘ ಮುಚ್ಚಿಸ್ತು. ಇಲ್ಲಿ ದಂಡೂ ಬರ್ಲಿಲ್ಲ. ಬರೀ ಒಂದು ಕಾಗ್ದ ಬಂತು, ನಾವೇ ಬಾಯಿ ಮುಚ್ಕಂಡ್ವಿ. ಅಲ್ಲಿಯೋರಿಗೆ ಕಂಬಳಿ ನೇದ ಕೈ ಇಲ್ಲಿಯೋರಿಗೆ ಏನ್ ಮಾಡ್ತೈತೆ ಹೇಳ್ರಪ್ಪಾ" ಎಂದ. ಇಷ್ಟೇ ಮಾತು. ಮಾರನೆಯ ದಿನ ಮಗ್ಗದ ಗುಂಡಿಯಿಂದಲೇ ಎಬ್ಬಿಸಿಕೊಂಡು ಹೋದರು, ವಿಚಾರಣೆಯೂ ಇಲ್ಲ ಜಾಮೀನೂ ಇಲ್ಲ. ದೂರದ ಒಂದು ಜೈಲಿಗೆ ಹಾಕಿದರು. ಯಾವ ಜೈಲೆಂದು ಬರೆಯುವುದಿಲ್ಲ.

ಆಮೇಲೆ ಒಬ್ಬ ಇನ್ಸ್‌ಪೆಕ್ಟರ್ ನಮ್ಮ ಕಚೇರಿಯನ್ನು ಜಾಲಾಡಲು ಬಂದ. ಕಂಬಳಿಯ ಮೂಲೆಯ ಗಂಟು ಬಿಚ್ಚಿ, ಹಳದಿ ಪುಡಿ ಕಂಡು, ಹಾವು ತುಳಿದವನಂತೆ ಹಿಂದಕ್ಕೆ ನೆಗೆದ.

"ಏನಿದು? ಗಂಧಕನಾ? ಬಾಂಬಿಗಾ?"

"ಅರಿಶಿನ ಸ್ವಾಮಿ. ಸಾರಿಗೆ ಹಾಕ್ತಾರಲ್ಲ, ಅದು" ಎಂದೆ. ಅವನು ಮೂಸಿ ನೋಡಿದ, ನಾಲಿಗೆಗೆ ಹಚ್ಚಿ ನೋಡಿದ. ಜೊತೆಗೆ ಬಂದಿದ್ದ ಪೇದೆ ನಮ್ಮ ಕಡೆಯವನೇ. ಆ ಪುಡಿಯನ್ನು ಕಣ್ಣಿಗೊತ್ತಿಕೊಂಡು ಹಣೆಗೆ ಇಟ್ಟುಕೊಂಡುಬಿಟ್ಟ. ಇನ್ಸ್‌ಪೆಕ್ಟರಿಗೆ ಮುಖಭಂಗವಾಯಿತು, ಬೈಯುತ್ತ ಇಳಿದು ಹೋದ. ಆ ವರ್ಷದಲ್ಲಿ ನಾನು ನಕ್ಕದ್ದು ಅದೊಂದೇ ಸಲ ಇರಬೇಕು.

ಚಳಿಗಾಲ ಬಂತು. ಮೈಲಾರಪ್ಪನ ಎದೆ ಚಳಿಗೆ ತಡೆಯುವುದಿಲ್ಲವೆಂದು ನಮಗೆಲ್ಲ ಗೊತ್ತಿತ್ತು. ಬಿಡುಗಡೆಯಾಗಿ ಬಂದ ಒಬ್ಬ ಕಳ್ಳ ಕಚೇರಿ ಹುಡುಕಿಕೊಂಡು ಬಂದು ಹೇಳಿದ: "ನಿಮ್ಮ ಸಂಘದಾತ ಬರೇ ಕಲ್ಲಿನ ಮ್ಯಾಲೆ ಮಲಗ್ತಾನೆ ತಾಯಿ. ಕೆಮ್ಮು ಅಂದ್ರೆ ಕೆಮ್ಮು, ಕೇಳಾಕಾಗಲ್ಲ." ಕರಿಯಮ್ಮ ತಮ್ಮ ಮನೆಯ ಹಳೆಯ ಕಂಬಳಿಯನ್ನು ಮಡಿಸಿಕೊಂಡು ಹೊರಟಳು, ನಾನೂ ಹೋದೆ. ಗೇಟಿನವನು ಮುಟ್ಟಲೂ ಇಲ್ಲ. ಈ ಕೈದಿಗಳಿಗೆ ಮನೆಯಿಂದ ಏನೂ ತರುವಂತಿಲ್ಲ, ಮುಖ ನೋಡುವಂತಿಲ್ಲ. ನಾನು ಕೂಗಾಡಿದೆ, ಕಾಲಿಗೂ ಬಿದ್ದೆ. ಇನ್ನೊಂದು ಸಲ ಹೋದಾಗಲೂ ಅದೇ ಕಥೆ.

ವಾಪಸು ಬಂದು ಕಚೇರಿಯಲ್ಲಿ ಕೂತಾಗ ಗೋಡೆಯ ತುಂಬ ಹೊಸ ಕಂಬಳಿಗಳು ನನ್ನನ್ನೇ ನೋಡುತ್ತಿದ್ದವು. ಈ ಕಂಬಳಿಗಳಿಗೆ ಸರ್ಕಾರದ ಒಪ್ಪಿಗೆಯೇ ಇತ್ತು, ಚಿಲಿಯ ವಿಷಯದಲ್ಲಿ ಸರ್ಕಾರವೂ ನಮ್ಮ ಜೊತೆ ಕೂಗುತ್ತಿತ್ತು. "ಕರಿಯಮ್ಮಾ, ಇದರಲ್ಲೊಂದು ತಗೊಂಡು ಹೋಗೋಣ. ಸರ್ಕಾರ ಒಪ್ಪಿದ ಕಂಬಳಿ ಅಂದರೆ ತಡೆಯೋಕೆ ಗೇಟಿನವನು ಹಿಂದೆ ಮುಂದೆ ನೋಡ್ತಾನೆ" ಎಂದೆ.

ಅವಳು ತಲೆಯಾಡಿಸಿದಳು. "ಅವು ಮೀಸಲು ಅವೆ ಅಕ್ಕಾ."

"ನಿನ್ನ ಗಂಡ ಸಾಯ್ತಾ ಇದಾನೆ ಕಣೇ!"

"ನಂಗೊತ್ತಿಲ್ವಾ?" ಎಂದಳು. ಕಣ್ಣಿನಲ್ಲಿ ನೀರಿಲ್ಲ. "ಆಯಪ್ಪನೇ ಗದ್ದಿಗೆ ಮುಂದೆ ಕೈಮುಗ್ದು ಇಟ್ಟಿರಾದು. ಆ ಸೀಮೆ ಜೈಲಾಗೆ ಇರೋರಿಗೆ ಅಂತ ಇಟ್ಟಿದ್ದ ನಮ್ಮನೆಗೆ ಅಂತ ಎತ್ಕಂಡ್ರೆ, ಆಯಪ್ಪ ಹೊದಿಯಲ್ಲ. ನೀ ಕೊಟ್ರೂ ಬಿಸಾಕ್ತಾನೆ."

"ನಿಮ್ಮ ಮಡಿಗೆ ಬೆಂಕಿ ಹಾಕ! ದೇವರಿಗೆ ಕಣ್ಣಿಲ್ವಾ?" ಎಂದು ಕಿರುಚಿದೆ. ಇನ್ನೂ ಏನೇನೋ ಅಂದೆ. ಅವಳು ಎದ್ದು ಸೆರಗು ಕೊಡವಿಕೊಂಡು ಮನೆಗೆ ಹೋದಳು. ನಾನೊಬ್ಬಳೇ ಕೂತು ಬಿಕ್ಕಿ ಬಿಕ್ಕಿ ಅತ್ತೆ. ಅವಳು ಮನಸ್ಸು ಮಾಡಿದ್ದರೆ ಒಂದು ಕಂಬಳಿ ಎಳೆದುಕೊಂಡು ಹೋಗಲು ಯಾರೂ ಅಡ್ಡ ಬರುತ್ತಿರಲಿಲ್ಲ. ಇಂಥ ಜನರನ್ನು ಕಟ್ಟಿಕೊಂಡು ಹೇಗೆ ಸಂಘ ನಡೆಸುವುದು ಎಂದು ಸಿಟ್ಟು, ಇಂಥ ಜನರಿಲ್ಲದೆ ಯಾವ ಸಂಘ ಎಂದು ದುಃಖ, ಎರಡೂ ಒಟ್ಟಿಗೆ ಬಂದವು.

ಕೆಲವು ವಾರಗಳಾದ ಮೇಲೆ ಅಧ್ಯಕ್ಷರು ಬಂದರು. ಚಿಲಿಯಿಂದ ತಪ್ಪಿಸಿಕೊಂಡು ಬೇರೆ ದೇಶದಲ್ಲಿದ್ದ ಒಬ್ಬ ಹೆಂಗಸು ಕಂಬಳಿಗಳನ್ನು ಸ್ವೀಕರಿಸಲು ಚಿತ್ರದುರ್ಗಕ್ಕೆ ಬರುತ್ತಾಳೆಂದೂ, ದೊಡ್ಡ ಅಧಿಕಾರಿಯೊಬ್ಬರು ವೇದಿಕೆಯಲ್ಲಿರುತ್ತಾರೆಂದೂ ಹೇಳಿದರು. ನಾನು ಮೈಲಾರಪ್ಪನ ಮಾತು ತೆಗೆದೆ. ಅವರು ಕನ್ನಡಕ ಒರೆಸಿಕೊಂಡರು.

"ಸರೋಜಮ್ಮ, ಅವತ್ತು ಆ ವಿಷಯ ಬೇಡ. ನನಗೆ ನೋವಿಲ್ಲ ಅಂದುಕೋಬೇಡಿ. ಒಂದು ಮಾತು ಹೆಚ್ಚುಕಡಿಮೆಯಾದರೆ ಸಂಘಕ್ಕೇ ಬೀಗ ಬೀಳುತ್ತೆ."

"ಬೀಗ ಬಿದ್ದಾಗಿದೆ ಸಾರ್. ಬೀಗದ ಕೈ ನಿಮ್ಮ ಹತ್ತಿರ ಇದೆ, ಅಷ್ಟೇ" ಎಂದೆ. ಕೆಟ್ಟ ಮನುಷ್ಯನಲ್ಲ. ಹೆದರಿದ್ದರು, ಹೆದರಿಕೆಗೆ ಸಿದ್ಧಾಂತದ ಅಂಗಿ ತೊಡಿಸಿದ್ದರು. ಇಂಥ ಮೇಲಿನವರು ನಿಮಗೂ ಸಿಗುತ್ತಾರೆ. ಜಗಳ ಆಡಿ, ಆದರೆ ಬಿಟ್ಟು ಹೋಗಬೇಡಿ.

ಬಂದವಳ ಹೆಸರು ಮಾರ್ತಾ. ನಡುವಯಸ್ಸಿನ ಬಡಕಲು ಹೆಂಗಸು, ನರೆತ ಕೂದಲು. ಅವಳ ಗಂಡನನ್ನೂ ಆ ದ್ವೀಪಕ್ಕೆ ಸಾಗಿಸಿದ್ದರು, ಈಗ ಯಾವ ಸೆರೆಯಲ್ಲಿದ್ದಾನೋ, ಬದುಕಿದ್ದಾನೋ ಇಲ್ಲವೋ ಅವಳಿಗೇ ತಿಳಿದಿರಲಿಲ್ಲ. ರಾತ್ರಿ ಚಳಿ ಕೊರೆದರೂ ಮಧ್ಯಾಹ್ನ ಸುಡುವ ಬಿಸಿಲು, ತಗಡಿನ ಸೂರಿನ ಸಭಾಂಗಣ. ಮೊದಲ ಕಂಬಳಿ ಕೊಡಲು ಕರಿಯಮ್ಮ ವೇದಿಕೆ ಹತ್ತಿದಳು. ಎರಡು ಮಾತಾಡು ಎಂದರು.

"ಇದು ನಿಮ್ಮ ಸೀಮೆಯಾಗೆ ಜೈಲಾಗಿರೋರಿಗೆ ನಾವು ಮೀಸಲಿಟ್ಟಿದ್ದ ಕಂಬಳಿ ಕಣವ್ವ" ಎಂದಳು ಕರಿಯಮ್ಮ. "ನಿನ್ನ ಗಂಡನೂ ಒಳಗವ್ನಂತೆ. ನನ್ನೋನೂ ಒಳಗೇ ಅವ್ನೆ. ಚಳಿ ಬಾಳ ಐತೆ. ತಗಾ."

ಅಧ್ಯಕ್ಷರು ಅದನ್ನು ಇಂಗ್ಲಿಷಿಗೆ ಹೇಳಿದರು. ಕಂಬಳಿ, ಪ್ರೀತಿ, ಹೋರಾಟ ಎಲ್ಲ ಇತ್ತು. "ನನ್ನೋನೂ ಒಳಗೇ ಅವ್ನೆ" ಎಂಬುದು ಮಾತ್ರ ಇರಲಿಲ್ಲ. ನನಗೆ ಎಸ್ಸೆಸ್ಸೆಲ್ಸಿಯ ಇಂಗ್ಲಿಷು, ಆದರೂ ಇಲ್ಲದ್ದು ಇಲ್ಲವೆಂದು ತಿಳಿಯಿತು. ರೇಗಿ ಹೋಯಿತು. ಎದ್ದು ನಿಂತು ಕೂಗಿದೆ: "ಮೇಡಂ! ಹರ್ ಹಸ್ಬೆಂಡ್ ಆಲ್ಸೋ ಜೈಲ್! ಹಿಯರ್! ನೋ ಬ್ಲಾಂಕೆಟ್!"

ಬಾಗಿಲಲ್ಲಿದ್ದ ಇನ್ಸ್‌ಪೆಕ್ಟರ್ ನನ್ನ ಕಡೆ ಹೆಜ್ಜೆ ಇಟ್ಟ. ಮಾರ್ತಾ ಅಧ್ಯಕ್ಷರನ್ನು ನೋಡಿದಳು, ಕರಿಯಮ್ಮನನ್ನು ನೋಡಿದಳು. ಆಮೇಲೆ ಕಂಬಳಿ ಬಿಚ್ಚಿ ಆ ಸೆಕೆಯಲ್ಲೇ ತಲೆಯಿಂದ ಕಾಲಿನವರೆಗೆ ಹೊದ್ದುಕೊಂಡಳು. ಒರಟು ತುಪ್ಪಟ, ನೂಲಿಗೆ ಹಾಕಿದ ಹುಣಸೆಬೀಜದ ಗಂಜಿಯ ವಾಸನೆ, ಮುಖವೆಲ್ಲ ಬೆವರು. ಆಮೇಲೆ ತೆಗೆದು, ಮಡಿಸಿ, ವೇದಿಕೆಯಲ್ಲಿದ್ದ ಅಧಿಕಾರಿಯ ತೊಡೆಯ ಮೇಲೆ ಇಟ್ಟು ಏನೋ ಹೇಳಿದಳು. ಅಧ್ಯಕ್ಷರು ಎದ್ದು ಕನ್ನಡಕ್ಕೆ ಹೇಳಿದರು. ಆದರೆ ಈ ಸಲ ಒಂದು ಅಕ್ಷರವನ್ನೂ ಬಿಡಲಿಲ್ಲ.

"ಇದು ಈಗ ನನ್ನದು ಅಂತಿದಾರೆ. ಇಲ್ಲಿ ಜೈಲಿನಲ್ಲಿರುವ ಸಂಗಾತಿಗೆ ಇದನ್ನು ಕೊಡ್ತಾ ಇದೀನಿ, ತಲುಪಿಸಿ, ತಲುಪಿದ್ದನ್ನು ನನಗೆ ತಿಳಿಸಿ ಅಂತಿದಾರೆ."

ಪರದೇಶದ ಅತಿಥಿ, ತುಂಬಿದ ಸಭೆ. ಅಧಿಕಾರಿ "ವ್ಯವಸ್ಥೆ ಮಾಡಿಸ್ತೀನಿ" ಎನ್ನದೆ ಬೇರೆ ದಾರಿ ಇರಲಿಲ್ಲ. ನಾನು ಕರಿಯಮ್ಮನ ಹತ್ತಿರ ಹೋಗಿ "ಈಗಲಾದರೂ ಆಯ್ತೇನೇ?" ಎಂದೆ. "ಆಯಮ್ಮ ಹೊದ್ಲಲ್ಲ. ಮುಟ್ತು. ಇನ್ನ ಆಯಮ್ಮ ಯಾರಿಗ್ ಕೊಟ್ರೂ ನಡೀತೈತೆ" ಎಂದಳು. ಆಗ ಅವಳ ಕಣ್ಣಲ್ಲಿ ನೀರು ಬಂತು.

ಉಳಿದ ಕಂಬಳಿಗಳು ಲಾರಿ ಹತ್ತಿ ಬೆಂಗಳೂರಿಗೆ ಹೋದವು, ಅಲ್ಲಿಂದ ಬೊಂಬಾಯಿಯ ಬಂದರಿಗೆ. ಆ ಸೀಮೆಯ ಜೈಲಿನವರಿಗೆ ಒಂದಾದರೂ ಮುಟ್ಟಿತೋ, ಗೋದಾಮಿನಲ್ಲಿ ಇಲಿ ತಿಂದವೋ, ಎಷ್ಟು ಕೇಳಿದರೂ ಗೊತ್ತಾಗಲಿಲ್ಲ. ಬೆಂಬಲದ ಕೆಲಸದಲ್ಲಿ ಬಹಳ ಸಲ ಹೀಗೇ ಆಗುತ್ತದೆ, ಅದಕ್ಕೂ ತಯಾರಾಗಿರಿ. ಮೈಲಾರಪ್ಪನದು ಮಾತ್ರ ಮುಟ್ಟಿತು. ಅಧಿಕಾರಿ ಕಂಬಳಿಗೆ ಚೀಟಿ ಬರೆದುಕೊಟ್ಟರು, ಗೇಟಿನಲ್ಲಿ ನಾನೇ ಕೊಟ್ಟೆ. ಭಂಡಾರದ ಗಂಟನ್ನು ಬಿಚ್ಚಿ ಕೊಡವಿ ಒಳಗೆ ತೆಗೆದುಕೊಂಡರು.

ತಡವಾಗಿತ್ತು. ಚಳಿ ಕಳೆಯುವ ಮೊದಲೇ ಸ್ಟೇಷನ್ನಿನಿಂದ ಪೇದೆ ಬಂದು, ಉಸಿರು ನಿಂತಿದೆ, ಬಂದು ತಗೊಂಡು ಹೋಗಬೇಕಂತೆ ಎಂದ. ಹಿಂದೆ ಹಣೆಗೆ ಭಂಡಾರ ಇಟ್ಟುಕೊಂಡಿದ್ದ ಅದೇ ಪೇದೆ. ಹೇಳಿ ಮುಗಿಸಿ ಗೋಡೆಗೆ ಒರಗಿ ನಿಂತುಬಿಟ್ಟ.

ಬಾಡಿಗೆ ವ್ಯಾನಿನಲ್ಲಿ ಹೊಸದುರ್ಗಕ್ಕೆ ತಂದೆವು. ಮೈಮೇಲೆ ಅದೇ ಕಂಬಳಿ ಇತ್ತು. ಮುಖ ಒಂದು ಹಿಡಿಯಾಗಿತ್ತು. ಮಗ್ಗದ ಗುಂಡಿಯ ಪಕ್ಕದಲ್ಲೇ ಮಲಗಿಸಿದರು. ಮಣ್ಣಿಗೆ ಎತ್ತುವ ಹೊತ್ತಿನಲ್ಲಿ ಹಿರಿಯನೊಬ್ಬ "ಆ ಕಂಬಳಿ ಹೊದಿಸೇ ಮಣ್ಣು ಮಾಡ್ರಪ್ಪ. ಪರದೇಶದ ತಾಯಿ ಕೊಟ್ಟಿದ್ದು, ಜೊತಿಗೆ ಹೋಗ್ಲಿ" ಎಂದ. ಎಲ್ಲರೂ ಹೂಂಗುಟ್ಟಿದರು. ನನಗೂ ಅದೇ ಸರಿ ಎನಿಸಿತು.

ಕರಿಯಮ್ಮ ಒಳಗೆ ಹೋಗಿ ಮನೆಯ ಹಳೆಯ ಕಂಬಳಿ ತಂದಳು. ಜೈಲಿನ ಗೇಟಿನಿಂದ ಎರಡು ಸಲ ವಾಪಸಾಗಿದ್ದ ಕಂಬಳಿ. ಹೊಸದನ್ನು ಮೆಲ್ಲಗೆ ಎಳೆದು ತೆಗೆದು, ಹಳೆಯದನ್ನು ಗಂಡನ ಕುತ್ತಿಗೆಯವರೆಗೆ ಹೊದಿಸಿ, ಅಂಚು ಸರಿಮಾಡಿದಳು. "ಇದು ನಮ್ದು. ಇದ ಹೊದ್ಕಂಡು ಹೋಗ್ಲಿ" ಎಂದಳು. ಹೊಸದನ್ನು ಮಡಿಸಿ ನನ್ನ ಕೈಗೆ ಕೊಟ್ಟಳು.

"ಇದನ್ನ ನಾನೇನು ಮಾಡಲೇ?" ಎಂದೆ.

"ಆಯಮ್ಮ ಕೊಟ್ಟಿದ್ದು ಜೈಲಾಗಿರೋನಿಗೆ. ಇವನು ಈಗ ಜೈಲಾಗಿಲ್ಲ. ಇನ್ನೂ ಬಾಳ ಜನ ಅವ್ರೆ."

"ಸತ್ತವನ ಮೈಮೇಲೆ ಇದ್ದದ್ದು..." ಎಂದು ಯಾರೋ ಹಿಂದಿನಿಂದ ಗೊಣಗಿದರು.

"ಕಂಬಳಿಗೆ ಮೈಲಿಗೆ ಇಲ್ಲ" ಎಂದಳು ಕರಿಯಮ್ಮ, ತಿರುಗಿಯೂ ನೋಡದೆ.

"ಯಾವ ಜೈಲಿಗೆ ಕೊಡಲಿ? ಇಲ್ಲಿಯದಕ್ಕೋ, ಆ ಸೀಮೆಯದಕ್ಕೋ?"

"ಯಾವುದಾದ್ರೇನಕ್ಕಾ?" ಎಂದಳು. ಗಂಡನ ತಲೆಯ ಹತ್ತಿರ ಕೂತು ಅವನ ಹಣೆಗೆ ಭಂಡಾರ ಹಚ್ಚತೊಡಗಿದಳು. "ಹತ್ರ ಇರಾದಕ್ಕೇ ಕೊಡು. ಅದಕ್ಕೆ ಒಳಗೆ ಹೋಗೋ ದಾರಿ ಗೊತ್ತೈತೆ."

ಮಣ್ಣು ಮುಗಿಸಿ, ಮಾರನೆಯ ದಿನ ಮೊದಲ ಬಸ್ಸಿಗೆ ಕಂಬಳಿ ಹಿಡಿದು ಅದೇ ಜೈಲಿನ ಗೇಟಿಗೆ ಹೊರಟೆ.